ಎರಡು ಮಿಲಿಮೀಟರ್

ಡಂಪಿ ಲೆವೆಲ್ಲಿನ ಕಣ್ಣಲ್ಲಿ ಎಲ್ಲವೂ ತಲೆಕೆಳಗು.
ಆ ಪುಟ್ಟ ವೃತ್ತದೊಳಗೆ ಹಿಡಿಸಿದ್ದು ಇಷ್ಟು:
ಕೆಂಪು ಕಪ್ಪು ಅಂಕಿಗಳ ಮರದ ಪಟ್ಟಿ,
ಅದನ್ನು ಹಿಡಿದ ಒಂದು ಕೈ, ಅರ್ಧ ಮೀಸೆ,
ಹಿಂದೆ ಮಸುಕಾಗಿ, ಆಕಾಶಕ್ಕೆ ಜೋತುಬಿದ್ದ
ಒಂದು ತುಣುಕು ಘಟ್ಟ.

ನಾನು ಸಿಂಧನೂರಿನವಳು.
ನಮ್ಮಲ್ಲಿ ಎತ್ತರ ಅಂದರೆ ಕಾಲುವೆಯ ಏರಿ,
ಅದು ಬಿಟ್ಟರೆ ಅಕ್ಕಿ ಗಿರಣಿಯ ಚಿಮಣಿ.
ಸುರತ್ಕಲ್ಲಿಗೆ ಬಂದ ಮೊದಲ ಡಿಸೆಂಬರಿನಲ್ಲಿ
ಹಾಸ್ಟೆಲ್ಲಿನ ತಾರಸಿಯಿಂದ ಮೂಡಣಕ್ಕೆ ನೋಡಿ
ಮೋಡ ಕಟ್ಟಿದೆ ಅಂದುಕೊಂಡು
ಒಣಗದ ಬಟ್ಟೆಯನ್ನೆಲ್ಲ ಒಳಗೆ ತಂದಿದ್ದೆ.
ಮಧ್ಯಾಹ್ನವಾದರೂ ಮೋಡ ಕದಲಲಿಲ್ಲ.
ಲವೀನಾ ಕುಟಿನ್ಹೊ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ.

ಆ ದಿನ ನಮ್ಮ ಕೆಲಸ ಸುಲಭದ್ದು.
ಲ್ಯಾಬಿನ ಹಿಂದಿನ ಕಲ್ಲಿನಿಂದ ಹೊರಟು
ಹೆದ್ದಾರಿ ದಾಟಿ, ಕಡಲ ದಂಡೆ ಮುಟ್ಟಿ,
ತಿರುಗಿ ಅದೇ ಕಲ್ಲಿಗೆ ಬರಬೇಕು.
ಮುರ್ಷಿದ್ ಮುಕ್ಕಾಲಿ ಹೊತ್ತ, ಝಾ ಕೊಡೆ ಹಿಡಿದ,
ನಾನು ಫೀಲ್ಡ್ ಬುಕ್ಕು. ಪೆನ್ಸಿಲ್ ಮಾತ್ರ,
ರಬ್ಬರು ಕೂಡದೆಂದು ಮೇಷ್ಟ್ರ ಅಪ್ಪಣೆ.

ಸ್ಟಾಫ್ ಹಿಡಿದದ್ದು ಅಟೆಂಡರ್ ಐತಪ್ಪಣ್ಣ.
ಕಡಲ ಹತ್ತಿರ ಬಂದಾಗ ಅವರು ಕೇಳಿದ್ದು ಒಂದೇ:
"ಸಮುದ್ರದ ಮಟ್ಟ ಸೊನ್ನೆ ಅಂತೀರಲ್ಲ,
ಉಬ್ಬರದ್ದಾ, ಇಳಿತದ್ದಾ?"
ಸರಾಸರಿ, ಅಂದೆ.
"ಹೋ," ಅಂದರು. ಎಲೆಯಡಿಕೆ ಉಗಿದು ಬಂದರು.
"ನಮ್ಮ ಅಪ್ಪ ಸರಾಸರಿಯಲ್ಲಿ ದೋಣಿ ಇಳಿಸಿದ್ದಿಲ್ಲ."

ಸಂಜೆ ಕಲ್ಲಿಗೆ ಮರಳಿದೆವು. ಕೂಡಿದೆವು, ಕಳೆದೆವು.
ಲೆಕ್ಕವೆಲ್ಲ ಸರಿ.
ಆದರೆ ನಾವು ಹೊರಟ ಕಲ್ಲು
ನಾವು ಬರುವಷ್ಟರಲ್ಲಿ
ಮೂವತ್ತೊಂದು ಮಿಲಿಮೀಟರ್ ಬೆಳೆದುಬಿಟ್ಟಿತ್ತು.
ಒಂದೂವರೆ ಕಿಲೋಮೀಟರಿಗೆ ಇಪ್ಪತ್ತೊಂಬತ್ತರವರೆಗೆ ಮಾಫಿ.
ಬಾಕಿ ಎರಡು.
ಉಗುರಿನ ಅಂಚಿನಷ್ಟು.

ಏಳನೆಯ ಸಾಲಿನ ಆರನ್ನು ನಾಲ್ಕು ಮಾಡು, ಅಂದ ಝಾ.
ಆರು ಹೇಗೆ ನಾಲ್ಕಾಗುತ್ತದೆ, ಎಂಟಾಗಬಹುದು, ಅಂದಳು ಲವೀನಾ.
ಮೆಸ್ಸಿನಲ್ಲಿ ಇವತ್ತು ನೀರುದೋಸೆ, ತಣ್ಣಗಾಗುತ್ತದೆ, ಅಂದ ಮುರ್ಷಿದ್.
ನಾನು ಪೆನ್ಸಿಲ್ ಚೂಪು ಮಾಡಿದೆ.

ಆಗ, ಚಪ್ಪಲಿಯ ಮರಳು ಕೊಡವುತ್ತ,
ಯಾರಿಗೂ ಅಲ್ಲದ ಹಾಗೆ ಐತಪ್ಪಣ್ಣ:
"ದಂಡೆಯಲ್ಲಿ ಕೋಲು ಕೂತಿತ್ತು.
ನೀವು ಓದಿ ಮುಗಿಸಿ, ಮುಕ್ಕಾಲಿ ಎತ್ತಿ
ಈಚೆ ಬರುವಷ್ಟರಲ್ಲಿ. ಮರಳಲ್ವಾ."

ಹೇಳಬಾರದಿತ್ತಾ?

"ಎಂತ ಹೇಳುದು ಮಾರಾಯ್ತಿ.
ಇಪ್ಪತ್ತಾರು ವರ್ಷ ಆಯ್ತು ಕೋಲು ಹಿಡಿದು.
ಎಲ್ಲರೂ ಅಂಕಿ ನೋಡ್ತಾರೆ.
ಹಿಡಿದವನನ್ನು ಕೇಳಿದವರು ಇಲ್ಲ."

ಅವನ ಮಾತಲ್ಲಿ ಸಿಟ್ಟಿರಲಿಲ್ಲ ಅಂತ ಬರೆದೆ, ಹೊಡೆದು ಹಾಕಿದೆ.
ಅವನ ಅಲ್ಲ, ಅವರ. ಸಿಟ್ಟು ಇತ್ತೋ ಏನೋ,
ನನ್ನ ವೃತ್ತದಲ್ಲಿ ಇದ್ದದ್ದು ಅರ್ಧ ಮೀಸೆ.

ಷರಾ ಎಂಬ ಕಡೆಯ ಕಾಲಮ್ಮಿನಲ್ಲಿ,
ನಾವು ಯಾವತ್ತೂ ಖಾಲಿ ಬಿಡುವ ಜಾಗದಲ್ಲಿ,
ಬರೆದೆ: ಏಳನೆಯ ನಿಲ್ದಾಣ, ಮರಳು, ಕೋಲು ಕುಸಿದಿದೆ.
ತಿಳಿಸಿದವರು ಐತಪ್ಪ.
ಹತ್ತಕ್ಕೆ ಐದೂವರೆ ಬಂತು.

ಮರುದಿನ ಬೇಗ ಹೋದೆವು, ಏಳರಿಂದ ಮತ್ತೆ ಅಳೆಯಲು.
ಈ ಸಲ ಕೋಲಿನಡಿಗೆ ಒಂದು ಹೆಂಚಿನ ಚೂರು, ಅವರೇ ತಂದದ್ದು.
ಅಣ್ಣ, ನೀವೊಮ್ಮೆ ನೋಡಿ, ಅಂದೆ. ನಾನು ಹಿಡಿಯುತ್ತೇನೆ.
ಬೇಡ ಬೇಡ ಅನ್ನುತ್ತಲೇ
ಕೈಯನ್ನು ಅಂಗಿಗೆ ಒರೆಸಿ ಒರೆಸಿ ಕಣ್ಣಿಟ್ಟರು.

"ಅಬ್ಬ! ಮಂಡೆ ಅಡಿಗೆ!"
ಮತ್ತೆ ಬಹಳ ಹೊತ್ತು ಮಾತಿಲ್ಲ.
ಏನು ನೋಡುತ್ತಿದ್ದರೋ, ಅಂಕಿಯನ್ನಂತೂ ಅಲ್ಲ.
ನನ್ನ ಬೆನ್ನಿಗೆ ಘಟ್ಟ, ಮುಖಕ್ಕೆ ಉಪ್ಪು ಗಾಳಿ,
ನಾಲ್ಕು ಮೀಟರ್ ಕೋಲು ಎಷ್ಟು ಭಾರವೆಂದು
ಭುಜಕ್ಕೆ ಮೊದಲು ತಿಳಿಯಿತು.
ಹೆದ್ದಾರಿಯಲ್ಲಿ ಅದಿರಿನ ಲಾರಿ ಹೋಯಿತು, ನೆಲ ನಡುಗಿತು.

"ಅಲುಗಬೇಡಿ," ಅಂದರು ಐತಪ್ಪಣ್ಣ.